ಬೇವಿನ ಗಿಡದಿಂದ ಮೂವತ್ತೊಂದು ಹೆಜ್ಜೆ

ಕಳೆದ ವಾರ ಸ್ಫೂರ್ತಿಗೆ ಶಾಲೆಯಲ್ಲಿ ಜ್ವರ ಕಾಣಿಸಿಕೊಂಡು, ಬಂದು ಕರೆದುಕೊಂಡು ಹೋಗಿ ಎಂದು ಫೋನ್ ಬಂತು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಕೊಡೆ ಹಿಡಿದು ಹೋದೆ. ಅಕ್ಕೋರು ಪಾಠ ಮುಗಿಸಿ ಬರುವತನಕ ಹೊರಗೆ ಕಲ್ಲಿನ ಬೆಂಚಿನ ಮೇಲೆ ಕೂತೆ. ಮಳೆ ಇರಲಿಲ್ಲ, ಬರೀ ಗಾಳಿ. ನಮ್ಮ ರೋಣದ ಆಷಾಢದ ಗಾಳಿಗೆ ಒಂದು ವಾಸನೆ ಇದೆ. ಹೂವು ಬಿಟ್ಟ ಹೆಸರಿನ ಹೊಲಗಳನ್ನು ದಾಟಿ, ಹಸಿ ಎರೆಮಣ್ಣನ್ನು ಸವರಿಕೊಂಡು ಅದು ಬರುತ್ತದೆ. ಆ ವಾಸನೆ ಮೂಗಿಗೆ ತಾಗಿದಾಗ ಕಣ್ಣು ತಾನಾಗಿ ಮುಚ್ಚಿತು. ಒಳಗೆ ಹುಡುಗಿಯರು ಮಗ್ಗಿ ಹೇಳುತ್ತಿದ್ದರು. ಆ ದನಿ ಗಾಳಿಯ ಜೊತೆ ಒಮ್ಮೆ ಹತ್ತಿರ ಬಂದು, ಒಮ್ಮೆ ದೂರ ಹೋಗುತ್ತಿತ್ತು. ಈ ಶಾಲೆ ಇನ್ನೂ ಇಲ್ಲಿ ಇಲ್ಲದ ಒಂದು ಮಳೆಗಾಲ, ನನ್ನ ಕೈಯಿಂದಲೇ ಅದು ತಪ್ಪಿಹೋಗಲಿದ್ದ ಆ ಮಳೆಗಾಲ, ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಂತಾಯಿತು.

ಸ್ಫೂರ್ತಿ, ಚೇತನ, ನಿಮ್ಮ ಅಪ್ಪ ಈ ಕತೆಯನ್ನು ನಗುತ್ತಾ ಹೇಳುತ್ತಾನೆ, ನಿಮ್ಮ ಅಜ್ಜಿ ಮಾಟ ಮಾಡಿದ್ದಳು ಎಂದು. ನಾಲ್ಕು ಮಂದಿ ಕೂತಲ್ಲಿ ನನಗೆ ಬಾಯಿ ಬರುವುದಿಲ್ಲ, ಅದು ನಿಮಗೆ ಗೊತ್ತು. ಅಸೂಟಿಯ ಶಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತ ಅಕ್ಷರ ಮಾತ್ರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಆಗ ಸ್ಫೂರ್ತಿ ನಾಲ್ಕನೆಯ ಇಯತ್ತೆ. ಚೇತನ ಇನ್ನೂ ತೊಟ್ಟಿಲಲ್ಲಿ. ಹೆಣ್ಣುಮಕ್ಕಳ ಶಾಲೆ ಹಳೇ ಓಣಿಯಲ್ಲಿತ್ತು. ಮೂರು ಖೋಲಿ, ಏಳು ಇಯತ್ತೆ. ಒಂದೊಂದು ಖೋಲಿಯಲ್ಲಿ ಎರಡೆರಡು ಇಯತ್ತೆಯ ಹುಡುಗಿಯರು ಬೆನ್ನಿಗೆ ಬೆನ್ನು ಕೊಟ್ಟು ಕೂಡುತ್ತಿದ್ದರು. ಈ ಗೋಡೆಗೆ ಕನ್ನಡ, ಆ ಗೋಡೆಗೆ ಲೆಕ್ಕ. ಇನ್ನೊಂದು ಇಯತ್ತೆಗೆ ಪಡಸಾಲೆ. ಮಳೆ ಬಂತೆಂದರೆ ಪಡಸಾಲೆಯವರೂ ಒಳಗೆ ಬಂದು ತುಂಬಿಕೊಳ್ಳುತ್ತಿದ್ದರು. ಸ್ಫೂರ್ತಿ ಮನೆಗೆ ಬಂದು, "ಅಜ್ಜಿ, ಇವತ್ತು ನಾ ಐದನೇತ್ತೆ ಪಾಠನೂ ಕಲಿತೆ, ಬೆನ್ನಾಗ ಕೇಳಸ್ತು" ಅನ್ನುತ್ತಿದ್ದಳು.

ಹೊಸ ಕಟ್ಟಡ ಮಂಜೂರಾಗಿತ್ತು. ಕಟ್ಟಲು ಜಾಗ ಇರಲಿಲ್ಲ. ಆ ಮಳೆಗಾಲದೊಳಗೆ ಜಾಗ ತೋರಿಸದಿದ್ದರೆ ಕಟ್ಟಡ ಬೇರೆ ಊರಿಗೆ ಹೋಗುತ್ತದೆ ಎಂದು ದೊಡ್ಡ ಅಕ್ಕೋರು ಮನೆಮನೆಗೆ ಬಂದು ಹೇಳಿದ್ದರು. ಶಾಲೆಯ ಮುಖ್ಯಸ್ಥೆಯಾದ ಸುಮಿತ್ರಾ ಅಕ್ಕೋರನ್ನು ನಾವೆಲ್ಲ ದೊಡ್ಡ ಅಕ್ಕೋರು ಅನ್ನುತ್ತಿದ್ದೆವು. ದೊಡ್ಡವರೇನಲ್ಲ, ಮೂವತ್ತರ ಒಳಗೆ. ಎತ್ತರದ ಹೆಣ್ಣುಮಗಳು, ನಡೆದರೆ ಸೀರೆಯ ನೆರಿಗೆ ಸಪ್ಪಳ ಮಾಡುತ್ತಿತ್ತು.

ರೋಹಿಣಿ ಮಳೆಯ ಹೊತ್ತಿಗೆ ಸುದ್ದಿ ಬಂತು. ನಮ್ಮ ಬಡಾವಣೆಯ ಉದ್ಯಾನದ ಜಾಗವನ್ನು ಊರು ಮತ್ತು ಶಾಲೆ ಹಂಚಿಕೊಳ್ಳುವುದು. ಮೂಡಲ ಅರ್ಧದಲ್ಲಿ ಕಟ್ಟಡ. ಬೇವಿನ ಗಿಡ ಮತ್ತು ಕಲ್ಲಿನ ಬೆಂಚುಗಳಿರುವ ಪಡುವಲ ಅರ್ಧ ಬಯಲಾಗಿಯೇ ಉಳಿಯುತ್ತದೆ. ಶಾಲೆಯ ಹೊತ್ತಿನಲ್ಲಿ ಅದು ಹುಡುಗಿಯರಿಗೆ, ಬೆಳಿಗ್ಗೆ ಸಂಜೆ ಊರಿನವರಿಗೆ. ಉದ್ಯಾನ ಎಂದು ಬೋರ್ಡ್ ಇತ್ತೇ ಹೊರತು ಅಲ್ಲಿ ಇದ್ದದ್ದು ಆ ಒಂದು ಬೇವಿನ ಗಿಡ, ನಾಲ್ಕು ಕಣಗಿಲ ಗಿಡ, ಮುಂಜಾನೆ ತಿರುಗಾಡುವವರ ಕಾಲಿಗೆ ಸವೆದ ಒಂದು ದಾರಿ. ಆದರೂ ತಿರುಗಾಡುವವರಿಗೆ ಇದು ಹಿಡಿಸಲಿಲ್ಲ. ಅವರ ಹಿರಿಯರು ಪೋಸ್ಟಜ್ಜ. ಪೋಸ್ಟ್ ಆಫೀಸಿನಿಂದ ನಿವೃತ್ತರಾಗಿ ಇಪ್ಪತ್ತು ವರ್ಷವಾಗಿದ್ದರೂ ಕಾಕಿ ಬಣ್ಣದ ಕೋಟನ್ನು ಬಿಟ್ಟಿರಲಿಲ್ಲ.

ಒಂದು ಸಂಜೆ ಉದ್ಯಾನದ ಗೇಟಿನಲ್ಲಿ ಅಕ್ಕೋರು ಸಿಕ್ಕಾಗ ಪೋಸ್ಟಜ್ಜ ಕೇಳಿಯೇಬಿಟ್ಟರು. "ಅಕ್ಕೋರ, ಉದ್ಯಾನ ನೀವು ತಗೊಂಡ್ರ ನಾವು ಮುದುಕರು ಎಲ್ಲಿ ಹೋಗೂಣ್ರಿ? ನಿಮ್ಮ ಹಾಜರಿ ಪುಸ್ತಕದಾಗ ನಮ್ಮ ಹೆಸರೂ ಹಚ್ಚಿಬಿಡ್ರಿ."

"ಹಚ್ಚತೀನ್ರಿ ಅಜ್ಜಾರ. ಆದ್ರ ಮಗ್ಗಿ ಬಾಯಿಪಾಠ ಒಪ್ಪಸಬೇಕು ಮತ್ತ."

"ಇಪ್ಪತ್ತರ ಮಟಾ ಬರ್ತಾವು. ಮುಂದಿಂದು ಕೇಳಬ್ಯಾಡ್ರಿ."

ಅಕ್ಕೋರು ನಕ್ಕರು. ಪೋಸ್ಟಜ್ಜನೂ ನಕ್ಕರು, ಆದರೆ ಒಪ್ಪಿಗೆ ಎಂದು ಹೇಳದೆ ಹೊರಟುಹೋದರು. ನಾನು ಹಿಂದೆ, ಗೋಡೆಗೆ ಆತು ನಿಂತಿದ್ದೆ. ನನಗೂ ಆ ಮಾತು ಕೇಳಿ ನಗು ಬರಬೇಕಿತ್ತು. ಬರಲಿಲ್ಲ. ಮೂಡಲ ಅರ್ಧ ಎಂದು ಕೇಳಿದಾಗಿನಿಂದ ನನ್ನ ಎದೆಯಲ್ಲಿ ಒಂದು ಕಲ್ಲು ಕೂತಿತ್ತು.

ಆ ಜಾಗ ಮೊದಲು ನಮ್ಮ ಕಣ. ಹದಿನೇಳು ವರ್ಷದವಳಾಗಿ ನಾನು ಈ ಮನೆಗೆ ಬಂದಾಗ ಊರು ಅಲ್ಲಿಯತನಕ ಬೆಳೆದಿರಲಿಲ್ಲ. ಬೇವಿನ ಗಿಡದ ಆಚೆ ಆಕಾಶ ನೆಲಕ್ಕೆ ತಾಗುವತನಕ ಜೋಳವೇ ಜೋಳ. ಕಣದ ಮೂಡಲಿಗೆ ಸಾಲಾಗಿ ನಾಲ್ಕು ಹಗೇವು ಇದ್ದವು. ನೀವು ಹಗೇವು ಕಂಡವರಲ್ಲ. ನೆಲದೊಳಗೆ ಗಡಿಗೆಯ ಆಕಾರಕ್ಕೆ ತೋಡಿದ ಕುಣಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಒಂದು ಖೋಲಿಯಷ್ಟು ಅಗಲ. ಗೋಡೆಗೆಲ್ಲ ದಂಟು ಹೊಂದಿಸಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಹಾಕಿದರೆ ಮುಗಿಯಿತು. ಅಲ್ಲಿ ಅಷ್ಟು ಕಾಳು ಮಲಗಿದೆ ಎಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಅನ್ನ ಇರುವ ಜಾಗ, ಮೇಲೆ ಕಾಲಿಡಬಾರದು ಎಂದು ಅತ್ತೆ ಮೊದಲನೆಯ ದಿನವೇ ಹೇಳಿದ್ದರು.

ನಾನು ಹೊಸ ಸೊಸೆ. ತಲೆಯ ಮೇಲೆ ಆಳುಗಳ ಬುತ್ತಿ, ಹಣೆಯತನಕ ಸೆರಗು. ಕತ್ತೆತ್ತಿ ನೋಡುವಂತಿಲ್ಲ, ಎಲ್ಲಿ ಎಂದು ಕೇಳಲು ನಾಚಿಕೆ. ಹೀಗಾಗಿ ಎಣಿಸಿದೆ. ಬೇವಿನ ಗಿಡದ ಬುಡದಿಂದ ಹೊತ್ತು ಹುಟ್ಟುವ ಕಡೆಗೆ ಮೂವತ್ತೊಂದು ಹೆಜ್ಜೆಗೆ ಮೊದಲನೆಯ ಹಗೇವು. ಅಲ್ಲಿಂದ ಬಡಗಲಿಗೆ ಒಂಬತ್ತು ಹೆಜ್ಜೆಗೆ ಒಂದರಂತೆ ಉಳಿದವು. ಮೂವತ್ತು ಎಂದೊಡನೆ ಬಲಕ್ಕೆ ಸರಿದು ಹೋಗುತ್ತಿದ್ದೆ. ಒಂದು ದಿನ ನಿಮ್ಮ ಅಜ್ಜ ಇದನ್ನು ಗಮನಿಸಿ, "ತುಟಿ ಯಾಕ ಅಲ್ಲಾಡಸ್ತಿ? ಮಂತ್ರ ಏನದು?" ಎಂದು ಮೆಲ್ಲಗೆ ಕೇಳಿದರು. ನಾನು ಹೇಳಲಿಲ್ಲ. ಅವರು ನಗುತ್ತಾ ರಾಶಿಯ ಕಡೆ ಹೋದರು. ತೂರುವಾಗ ಹಾರಿದ ಹೊಟ್ಟು ಅವರ ಕೂದಲ ತುಂಬ ಕೂತು ಬಿಸಿಲಿಗೆ ಮಿಂಚುತ್ತಿತ್ತು.

ರಾಶಿ ಮುಗಿದಾಗ ಕಾಳಿನ ಗುಡ್ಡೆಯ ಸುತ್ತ ಬೂದಿಯ ಗೆರೆ ಎಳೆಯುವುದು ನಮ್ಮಲ್ಲಿ ಪದ್ಧತಿ. ಹಗೇವು ತುಂಬಿ ಮುಚ್ಚಿದ ದಿನವೂ ಅದರ ಬಾಯಿಗೆ ಅತ್ತೆ ಹಾಗೆಯೇ ಒಂದು ಸುತ್ತು ಹಾಕುತ್ತಿದ್ದರು. ಒಕ್ಕಲುತನದವರಿಗೆ ಆ ಸುತ್ತು ಕಂಡರೆ ಸಾಕು, ಇಲ್ಲಿ ಕಾಳು ಇದೆ ಎಂದು ತಿಳಿಯುತ್ತಿತ್ತು.

ಆಮೇಲೆ ಊರು ಬೆಳೆಯುತ್ತಾ ಬಂದು ನಮ್ಮ ಹೊಲವನ್ನು ಮುಟ್ಟಿತು. ಹೊಲ ಪ್ಲಾಟ್ ಆಯಿತು. ಪ್ಲಾಟ್ ಮಾಡುವಾಗ ಊರಿಗೆಂದು ಸ್ವಲ್ಪ ಜಾಗ ಖಾಲಿ ಬಿಡಬೇಕಂತೆ. ಕಣ ಹಾಗೆ ಉಳಿಯಿತು. ಹಗೇವು ತುಂಬಿಸಬೇಕು ಎಂದು ಹೇಳಿದ್ದರು. ತುಂಬಿಸಿದ್ದೇನೆ ಎಂದು ನಿಮ್ಮ ಅಜ್ಜ ಕಾಗದಕ್ಕೆ ಸಹಿ ಮಾಡಿದರು. ಆದರೆ ತುಂಬಿರಲಿಲ್ಲ. ಗರಸು ಮಣ್ಣು ಹೇರಿದ ಟ್ರ್ಯಾಕ್ಟರ್ ಮೂರು ದಿನ ಕಣದಲ್ಲಿ ನಿಂತು ಹಾಗೆಯೇ ಹಿಂದಕ್ಕೆ ಹೋಯಿತು. ಮೂರನೆಯ ಸಂಜೆ ಅವರು ಮನೆಗೆ ಬಂದು ಕಾಲು ತೊಳೆದು, ಕಂಬಕ್ಕೆ ಒರಗಿ ಕೂತು ಹೇಳಿದರು. "ಕಲ್ಲು ಮುಚ್ಚಿ ಮ್ಯಾಲೆ ಮಣ್ಣ ಹಾಕೀನಿ. ಒಳಗ ತುಂಬಾಕ ಕೈ ಬರಲಿಲ್ಲ. ಯಾರಿಗೂ ಹೇಳಬ್ಯಾಡ."

ಯಾರಿಗೂ ಹೇಳಲಿಲ್ಲ. ಉದ್ಯಾನ ತಾನೆ, ಮೇಲೆ ಹುಲ್ಲು ಬೆಳೆಯುತ್ತದೆ, ಯಾರಿಗೆ ಏನಾಗಬೇಕು ಎಂದು ಇಬ್ಬರೂ ಅಂದುಕೊಂಡೆವು. ಅವರು ತೀರಿಕೊಂಡು ಆರು ವರ್ಷದ ಮೇಲೆ ಅದೇ ನೆಲದಲ್ಲಿ ಗೂಟ ಹೊಡೆದು ದಾರ ಕಟ್ಟಿದರು. ಸಂಜೆ ಹೋಗಿ ನೋಡಿದೆ. ದಾರದ ಒಳಗೇ ಇದ್ದವು, ನಾಲ್ಕೂ. ಮೇಲೆ ಗೋಡೆ ಏಳುತ್ತದೆ, ಗೋಡೆಯ ಒಳಗೆ ಹುಡುಗಿಯರು ಬಂದು ಕೂಡುತ್ತಾರೆ, ಕೆಳಗೆ ನೆಲವೇ ಇಲ್ಲ.

ನಿಮ್ಮ ಅಪ್ಪನಿಗೆ ಹೇಳಲು ನೋಡಿದೆ. ಅವನು ಅಂಗಡಿಯಲ್ಲಿ ಪಂಪಿನ ಮೋಟರ್ ಬಿಚ್ಚಿಕೊಂಡು ಕೂತಿದ್ದ. "ಅವ್ವಾ, ಅವನ್ನ ಅಪ್ಪ ಎಂದೋ ತುಂಬಸ್ಯಾನ. ಕಾಗದಾನೂ ಐತಿ. ನೀ ಯಾಕ ತಲಿ ಕೆಡಿಸ್ಕೋತಿ?" ಎಂದ. ಆ ಕಾಗದ ಸುಳ್ಳು ಎಂದು ಮಗನ ಮುಂದೆ ಹೇಳಲಾರದೆ ಮನೆಗೆ ಬಂದೆ. ಸತ್ತವರು ಬಂದು ತಮ್ಮ ಪರವಾಗಿ ಮಾತಾಡಲಾರರು. ಅವರ ಬಗ್ಗೆ ಊರಲ್ಲಿ ಒಬ್ಬರೂ ಒಂದು ಕೆಟ್ಟ ಮಾತು ಆಡಿರಲಿಲ್ಲ. ಆ ಮಾತು ಮೊದಲು ನನ್ನ ಬಾಯಿಂದ ಬರಬೇಕೇ?

ಎರಡು ದಿನ ಜಿಟಿಜಿಟಿ ಮಳೆ ಹಿಡಿದಿತ್ತು. ಬಾಗಿಲಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ನೀರು ನೆಲಕ್ಕೆ ಬಿದ್ದು ಎಲ್ಲಿಗೆ ಹೋಗುತ್ತದೆ, ಕಲ್ಲಿನ ಸಂದಿಯಲ್ಲಿ ಇಳಿದು ಆ ಕತ್ತಲಲ್ಲಿ ಹನಿಹನಿಯಾಗಿ ಬೀಳುತ್ತಿರಬಹುದೇ ಎಂದು ಯೋಚಿಸುವಷ್ಟರಲ್ಲಿ ಕೈಯಲ್ಲಿದ್ದ ಮೆಂತ್ಯೆಸೊಪ್ಪು ಬಾಡಿಹೋಗುತ್ತಿತ್ತು. ಮೂರನೆಯ ದಿನ ಒಂದು ದಾರಿ ಹೊಳೆಯಿತು. ಕಟ್ಟಡದ ಗೌಂಡಿ ಇಮಾಮಸಾಬರು. ಅವರ ಅಪ್ಪ ನಮ್ಮ ಕಡೆಯೆಲ್ಲ ಹಗೇವು ತೋಡಿದವರು. ಸುತ್ತು ಕಂಡರೆ ಅವರಿಗೆ ತಿಳಿಯುತ್ತದೆ. ನಾನು ಬಾಯಿ ತೆರೆಯಬೇಕಾಗಿಲ್ಲ, ಯಾರ ಹೆಸರೂ ಬರಬೇಕಾಗಿಲ್ಲ. ಗುದ್ದಲಿ ತಾನೇ ಹಗೇವನ್ನು ಕಂಡುಕೊಂಡಂತೆ ಆಗುತ್ತದೆ.

ನಸುಕಿನಲ್ಲಿ ಎದ್ದೆ. ಮಳೆ ನಿಂತಿತ್ತು. ಬೋಗುಣಿಯಲ್ಲಿ ರಂಗೋಲಿ ಪುಡಿ, ಅದಕ್ಕೆ ಒಂದು ಹಿಡಿ ಬೂದಿ. ಬೇವಿನ ಬುಡಕ್ಕೆ ಬೆನ್ನು ಹಚ್ಚಿ ನಿಂತು ಎಣಿಸುತ್ತಾ ನಡೆದೆ. ಮಂಜಿನಂಥ ಬೆಳಕಿತ್ತು. ಮನೆಗಳೂ ಕಂಬಗಳೂ ಅದರಲ್ಲಿ ಕರಗಿಹೋಗಿ, ನಾನು ಮತ್ತೆ ಕಣದಲ್ಲೇ ನಡೆಯುತ್ತಿದ್ದೇನೆ, ತುಸು ಮುಂದೆ ಹೋದರೆ ಎತ್ತಿನ ಗಂಟೆ ಕೇಳಿಸೀತು ಅನ್ನಿಸಿತು. ಮೂವತ್ತೊಂದು ಎಂದಾಗ ಬಗ್ಗಿ ಒಂದು ಸುತ್ತು ಎಳೆದೆ, ನಡುವೆ ಒಂದು ಕಲ್ಲು ಇಟ್ಟೆ. ಹೀಗೆ ನಾಲ್ಕು. ಮನೆಗೆ ಬಂದು ಕೈ ತೊಳೆದು ಚಹಾ ಮಾಡಿಕೊಂಡು ಕುಡಿದೆ. ಅಷ್ಟು ರುಚಿಯ ಚಹಾ ಎಷ್ಟೋ ದಿನದಿಂದ ಕುಡಿದಿರಲಿಲ್ಲ.

ಆದರೆ ಅವತ್ತು ಗೌಂಡಿಯವರು ನರಗುಂದಕ್ಕೆ ಬೇರೆ ಕೆಲಸಕ್ಕೆ ಹೋಗಿದ್ದರು. ಸುತ್ತುಗಳನ್ನು ಮೊದಲು ಕಂಡವರು ಮುಂಜಾನೆ ತಿರುಗಾಡುವವರು.

ಹತ್ತು ಗಂಟೆಗೆ ಮಾಬೂಬಿ ಹಿತ್ತಿಲ ಗೋಡೆಯ ಮೇಲಿಂದ ಕತ್ತು ಚಾಚಿದಳು. ಪಕ್ಕದ ಮನೆಯವಳು, ಸೀರೆಗೆ ಫಾಲ್ ಹಚ್ಚುತ್ತಾಳೆ, ಊರಿನ ಸುದ್ದಿಯೆಲ್ಲ ಆ ಸೀರೆಗಳ ಜೊತೆಗೆ ಅವಳಲ್ಲಿಗೆ ಬರುತ್ತದೆ.

"ಅಕ್ಕಾ, ಕೇಳಿದೇನು? ಸಾಲಿ ಜಾಗಾದಾಗ ಯಾರೋ ಮಾಟ ಮಾಡ್ಯಾರಂತ. ನಾಕು ಸುತ್ತು, ನಡುವ ಕಲ್ಲು. ಲಿಂಬಿಹಣ್ಣು, ಕರೇ ಕೋಳಿ ಪುಚ್ಚ."

"ಕೋಳಿ ಪುಚ್ಚ ಎಲ್ಲಿಂದ ಬಂತು?" ಎಂದುಬಿಟ್ಟೆ.

"ಅಂದ್ರ ಲಿಂಬಿಹಣ್ಣು ಇತ್ತೇನು?"

"ಅದೂ ಇರಲಿಲ್ಲ."

ಮಾಬೂಬಿ ನನ್ನನ್ನೇ ನೋಡಿದಳು. ಆಮೇಲೆ ಸುತ್ತು ಹಾಕಿಕೊಂಡು ಬಾಗಿಲಿನಿಂದ ಒಳಗೆ ಬಂದು, ಬಾಗಿಲು ಮುಚ್ಚಿ, "ಹೇಳು" ಎಂದಳು. ಹೇಳಿದೆ. ಮೊದಲು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ನಾಕು ಮಂದಿ ಮುಂದ ಹೆಸರು ಹೇಳಾಕ ನಾಚತಿದ್ದಿ, ಊರಿಗೇ ಮಾಟ ಮಾಡಿದೆಲ್ಲ ನಮ್ಮವ್ವ!" ಆಮೇಲೆ ನಗು ನಿಂತಿತು. "ನಗು ಮಾತಲ್ಲಿದು. ಕೆಲಸಕ್ಕ ಬರೋ ಹೆಣ್ಣಾಳು ಅಲ್ಲಿ ಕಾಲ ಇಡಂಗಿಲ್ಲ ಅಂತ ಹೋಗ್ಯಾರ. ಸಾಲಿ ಬ್ಯಾಡ ಅನ್ನೋರು ಮಾಡ್ಸ್ಯಾರ ಅಂತ ಸಾಲಿ ಮಂದಿ, ಉದ್ಯಾನಾ ಹೊಡ್ಕೊಳ್ಳಾಕ ಸಾಲಿಯವರ ಮಾಡ್ಸ್ಯಾರ ಅಂತ ಅವರು. ಹೋಗಿ ಹೇಳಿಬಿಡು ಅಕ್ಕಾ."

"ನಮ್ಮ ಮನಿಯವರು ತುಂಬಸೀನಿ ಅಂತ ಸಹಿ ಮಾಡ್ಯಾರ. ಹ್ಯಾಂಗ ಹೇಳ್ಲಿ?"

ಮಧ್ಯಾಹ್ನ ದೊಡ್ಡ ಮಳೆ ಬಂತು. ಗೌಂಡಿ ಮರುದಿನ ಬರುವಷ್ಟರಲ್ಲಿ ನಾಲ್ಕು ಸುತ್ತೂ ತೊಳೆದುಹೋಗಿದ್ದವು. ಊರ ಬಾಯಲ್ಲಿ ಮಾತ್ರ ಅವು ದಿನದಿನಕ್ಕೆ ದೊಡ್ಡವಾದವು.

ಆ ಮಂಗಳವಾರ ಗುಳ್ಳವ್ವನ ವಾರ. ಆಷಾಢದ ಮಂಗಳವಾರ ಹುಡುಗಿಯರು ಮಣ್ಣು ತಂದು ಗುಳ್ಳವ್ವನನ್ನು ಮಾಡಿ ಪೂಜಿಸುತ್ತಾರೆ. ಪ್ರತಿ ವರ್ಷ ಉದ್ಯಾನದ ಮೂಲೆಯಿಂದ ಮಣ್ಣು ತರುತ್ತಿದ್ದರು. ಆ ಸಲ ಒಬ್ಬ ತಾಯಿಯೂ ಮಗಳನ್ನು ಅತ್ತ ಬಿಡಲಿಲ್ಲ. ಸ್ಫೂರ್ತಿ ಖಾಲಿ ಬುಟ್ಟಿ ಹಿಡಿದು ಬಂದು ನನ್ನ ತೊಡೆಯ ಮೇಲೆ ಮುಖ ಇಟ್ಟಳು. "ಅಜ್ಜಿ, ನಮ್ಮ ಸಾಲಿ ಬ್ಯಾರೆ ಊರಿಗೆ ಹೋಗತೈತೆಂತ. ಯಾರೋ ಕೆಟ್ಟೋರು ಹಂಗ ಮಾಡ್ಯಾರ. ಅವರಿಗೆ ನಮ್ಮಂಥಾ ಮಕ್ಕಳು ಇಲ್ಲೇನು?"

ನಿನಗೆ ಇದು ನೆನಪಿಲ್ಲ ಎಂದು ಕಾಣುತ್ತದೆ, ಸ್ಫೂರ್ತಿ ತಂಗೀ. ನನಗೆ ಇದೆ. ನಿನ್ನ ಹೆರಳು ಸವರುತ್ತಿದ್ದ ನನ್ನ ಕೈ ನಿಂತುಬಿಟ್ಟಿತು.

ಅದೇ ಸಂಜೆ ಐದಕ್ಕೆ ಉದ್ಯಾನದಲ್ಲಿ ಸಭೆ ಇತ್ತು. ಒಪ್ಪಂದ ಮಾಡುವುದೋ ಬಿಡುವುದೋ ಎಂದು ಅವತ್ತೇ ತೀರ್ಮಾನ. ಬೇವಿನ ಗಿಡದ ಕೆಳಗೆ ಊರಿನ ಸದಸ್ಯರು, ಎಂಜಿನಿಯರ್, ಗೌಂಡಿ, ಒಂದು ಕಡೆ ಪೋಸ್ಟಜ್ಜ ಮತ್ತು ಅವರ ಗೆಳೆಯರು, ಇನ್ನೊಂದು ಕಡೆ ಅಕ್ಕೋರು, ತಾಯಂದಿರು, ಅವರ ಸೆರಗು ಹಿಡಿದು ಬಂದ ಹುಡುಗಿಯರು. ಮೋಡ ಬೇವಿನ ತುದಿಗೆ ತಾಗುವಷ್ಟು ಕೆಳಗಿತ್ತು. ಮಾತು ಬೆಳೆಯಿತು. "ಮಾಟ ಮಾಡಿದೋರು ಮುಂದ ಬಂದು ಆಣಿ ಮಾಡ್ಲಿ" ಎಂದು ಯಾರೋ ಕೂಗಿದರು. "ಜಗಳದ ಜಾಗಾ ಯಾಕ ಬೇಕ್ರಿ, ಕಾಗದ ಹಿಂದಕ್ಕ ಕಳಿಸಿಬಿಡೂಣು" ಎಂದು ಹಿರಿಯ ಸದಸ್ಯರೊಬ್ಬರು ಬೇಸತ್ತು ಕುರ್ಚಿ ಬಿಟ್ಟೆದ್ದರು. ಅಕ್ಕೋರ ಮುಖ ಬಿಳುಚಿಕೊಂಡಿತು.

ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ನಿಂತಿದ್ದ ಮಾಬೂಬಿ ನನ್ನ ಮೊಳಕೈ ಹಿಡಿದು, "ಒಂದ್ ನಿಮಿಷ ತಡೀರಿ, ನಮ್ಮ ಅಕ್ಕ ಏನೋ ಹೇಳೋದೈತಿ" ಎಂದು ಕೂಗಿಬಿಟ್ಟಳು.

ಎಲ್ಲರೂ ತಿರುಗಿದರು. ಅಷ್ಟು ಕಣ್ಣುಗಳನ್ನು ನಾನು ಮದುವೆಯಲ್ಲೂ ಕಂಡಿ‌ರಲಿಲ್ಲ, ಅವತ್ತು ತಲೆ ಬಗ್ಗಿಸಿದ್ದೆ. ಬೇವಿನ ಬುಡಕ್ಕೆ ಹೋಗಿ ಬೆನ್ನು ಹಚ್ಚಿ ನಿಂತು ನಡೆಯತೊಡಗಿದೆ. ಮೂವತ್ತೊಂದಕ್ಕೆ ನಿಂತು, ಗೌಂಡಿಯವರನ್ನು ನೋಡಿ, "ಇಲ್ಲಿ... ಹಗೇವು ಐತ್ರಿ. ಸುತ್ತು ಹಾಕಿದಾಕಿ ನಾನ" ಎಂದೆ.

ಗುಸುಗುಸು ಎದ್ದಿತು. ಇಮಾಮಸಾಬರು ಏನೂ ಕೇಳದೆ ಹಾರೆ ತಂದು ನೆಲಕ್ಕೆ ಹಾಕಿದರು. ಮಣ್ಣು. ಒಂದು ಮೊಳ ಇಳಿಸಿದರು. ಮಣ್ಣು. ಎರಡು ಮೊಳ. ಬರೀ ಮಣ್ಣು.

"ಅಮ್ಮಾರ, ಇಲ್ಲಿ ಏನಿಲ್ಲರಿ" ಎಂದರು ಮೆಲ್ಲಗೆ.

ಯಾರೋ ನಕ್ಕರು. ನೆಲ ಬಾಯಿ ತೆರೆದು ನನ್ನನ್ನು ಒಳಗೆ ತೆಗೆದುಕೊಳ್ಳಬಾರದೇ ಅನ್ನಿಸಿತು. ನನಗೆ ಮರೆತುಹೋಗಿದೆಯೇ? ಕಣ, ಜೋಳ, ಆ ನಗು, ಎಲ್ಲ ನಾನೇ ಕಟ್ಟಿಕೊಂಡ ಕನಸೇ? ಆಗ ದೊಡ್ಡ ಅಕ್ಕೋರು ನನ್ನನ್ನು ಕೈ ಹಿಡಿದು ಕರೆದೊಯ್ಯಲು ಅವಸರದಿಂದ ಬರುತ್ತಿರುವುದು ಕಂಡಿತು. ಸೀರೆಯ ನೆರಿಗೆಯ ಸಪ್ಪಳ. ಉದ್ದುದ್ದ ಹೆಜ್ಜೆ. ನಾನು ಅವರ ಮುಖ ನೋಡಲಿಲ್ಲ, ಪಾದ ನೋಡಿದೆ. ಆಮೇಲೆ ನನ್ನ ಪಾದ ನೋಡಿಕೊಂಡೆ. ಮೊಣಕಾಲು ನೋವಿನಿಂದ ಎಳೆದೆಳೆದು ಇಡುವ, ಗೇಣುಗೇಣಿನ ಹೆಜ್ಜೆ. ಎಣಿಕೆ ಸರಿಯಿತ್ತು. ಕಾಲು ಬೇರೆಯಾಗಿದ್ದವು.

"ಅಕ್ಕೋರ, ನೀವು ನಡೀರಿ" ಎಂದೆ. ಎಲ್ಲಿಂದ ಬಂತೋ ದನಿ. "ಗಿಡದ ಬುಡದಿಂದ. ಚಪ್ಲಿ ಬಿಟ್ಟು. ತಲಿ ಮ್ಯಾಲೆ ಬುತ್ತಿ ಇದ್ದಂಗ ನಡೀರಿ."

"ಬುತ್ತಿ ಎಷ್ಟು ವಜ್ಜಿ ಇತ್ರಿ ಅಮ್ಮಾ?"

"ಎಂಟು ಆಳಿಂದು."

ಅವರು ನಗಲಿಲ್ಲ. ಚಪ್ಪಲಿ ಬಿಟ್ಟು, ಕೈಯಲ್ಲಿದ್ದ ಹಾಜರಿ ಪುಸ್ತಕಗಳ ಕಟ್ಟನ್ನು ತಲೆಯ ಮೇಲಿಟ್ಟು, ಒಂದು ಕೈಯಿಂದ ಹಿಡಿದು ಬೇವಿನ ಬುಡದಲ್ಲಿ ನಿಂತರು. ತಲೆಯ ಮೇಲೆ ಭಾರ ಇದ್ದಾಗ ಹೆಣ್ಣುಮಕ್ಕಳು ನಿಧಾನ ನಡೆಯುವುದಿಲ್ಲ. ಲಗೂ ಇಳಿಸಬೇಕೆಂದು ಕಾಲು ತಾನೇ ಉದ್ದ ಬೀಳುತ್ತದೆ. ಅಕ್ಕೋರು ಹಾಗೆಯೇ ನಡೆದರು. ಶಾಲೆಯ ಹುಡುಗಿಯರೆಲ್ಲ ಮಗ್ಗಿ ಹೇಳುವಂತೆ ದನಿ ಕೂಡಿಸಿ ಎಣಿಸತೊಡಗಿದರು. ಒಂದು, ಎರಡು, ಮೂರು. ಇಪ್ಪತ್ತು ದಾಟಿದ ಮೇಲೆ ತಾಯಂದಿರೂ ಸೇರಿದರು. ನನ್ನ ಕಣ್ಣಿಗೆ ಸೀರೆ ಕಾಣುತ್ತಿತ್ತು, ಅಕ್ಕೋರು ಕಾಣುತ್ತಿರಲಿಲ್ಲ. ಆ ಹದಿನೇಳು ವರ್ಷದ ಹುಡುಗಿ ತುಟಿ ಅಲ್ಲಾಡಿಸುತ್ತಾ ಹೋಗುತ್ತಿದ್ದಳು. ಮೂವತ್ತೊಂದು ಎಂದು ಬಯಲೆಲ್ಲ ಕೂಗಿದಾಗ ಅವರು ನನ್ನ ಗುಂಡಿಯನ್ನು ದಾಟಿ ಎಷ್ಟೋ ಮುಂದೆ ಹೋಗಿ ನಿಂತಿದ್ದರು.

ಇಮಾಮಸಾಬರು ಹಾರೆ ಎತ್ತಿ ಹಾಕಿದರು. ದುಬ್ ಎಂದು ಡೋಲಿನಂಥ ಸಪ್ಪಳ ಬಂತು. ಅವರು ಹಾರೆಯನ್ನು ಹಾಗೆಯೇ ಬಿಟ್ಟು, ಸುತ್ತ ನಿಂತವರಿಗೆಲ್ಲ ಹಿಂದೆ ಸರಿಯಿರಿ ಎಂದು ಕೈ ಮಾಡಿದರು.

ಮಣ್ಣು ಸರಿಸಿ ಹಾಸುಗಲ್ಲು ಎತ್ತಿದಾಗ ಒಳಗಿನಿಂದ ಹುಳಿ ವಾಸನೆಯ ತಂಪು ಉಸಿರು ಬಂತು. ಮಾಬೂಬಿ ಮನೆಯಿಂದ ಕಂದೀಲು ತಂದಳು. ಹಗ್ಗ ಕಟ್ಟಿ ಇಳಿಬಿಟ್ಟರು. ಬೆಳಕು ಇಳಿಯುತ್ತಾ ಹೋಯಿತು, ಒಂದಾಳುದ್ದ ಇಳಿದು ಎರಡನೆಯ ಆಳುದ್ದಕ್ಕೆ ಮುಟ್ಟುವಾಗ ತಟ್ಟನೆ ಆರಿತು. ಒಳಗೆ ಉಸಿರಾಡುವ ಗಾಳಿ ಇಲ್ಲವೆಂದು ಅದರ ಅರ್ಥ. ಇದರ ಮೇಲೆ ಕೂಡಬೇಕಾಗಿದ್ದ ಹುಡುಗಿಯರು ಸುತ್ತಲೂ ನಿಂತಿದ್ದರು.

"ಕಾಗದದಾಗ ತುಂಬೇತಿ ಅಂತ ಐತೆಲ್ರಿ" ಎಂದರು ಎಂಜಿನಿಯರ್.

"ತುಂಬಿಲ್ಲರಿ" ಎಂದೆ. "ನಮ್ಮ ಮನಿಯವರಿಗೆ ಕೈ ಬರಲಿಲ್ಲ. ಅವರ ಹೇಳಬ್ಯಾಡ ಅಂದಿದ್ರು. ನಾ ಸುಮ್ಮನಿದ್ದೆ. ತಪ್ಪು ನಂದೂ ಐತಿ."

ಪೋಸ್ಟಜ್ಜ ಕೋಲು ಊರಿಕೊಂಡು ಬಂದು ಆ ಬಾಯಿಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು. "ನನ್ನ ಮುಂದೂ ತುಂಬಸೀನಿ ಅಂತ ಹೇಳಿದ್ದ" ಎಂದರು. ನಾನು ಕಾದೆ. ಬರಬೇಕಾದ ಮಾತು ಬರಲಿ ಎಂದು ಸೆರಗು ಬಿಗಿ ಹಿಡಿದೆ. "ನಮ್ಮವ್ವ ಹಗೇವಿನ ಕಲ್ಲಿಗೆ ಕಾಲು ತಾಗಿದ್ರ ಬಡೀತಿದ್ಲು. ಅನ್ನ ಇಟ್ಟ ಜಾಗಾಕ್ಕ ಮಣ್ಣ ಹಾಕು ಅಂದ್ರ ಆಂವಗ ಹ್ಯಾಂಗ ಕೈ ಬಂದೀತು? ನನಗೂ ಬರತಿದ್ದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಅಂತೂ ಮಾಟಗಾತಿ ಸಿಕ್ಕಳು!" ಎಂದರು.

ಬಯಲೆಲ್ಲ ನಕ್ಕಿತು. ನಾನೂ ನಕ್ಕೆ ಎಂದು ಮಾಬೂಬಿ ಹೇಳುತ್ತಾಳೆ.

ಹಗೇವಿನ ಕಡೆ ಕಟ್ಟಡ ಬೇಡ, ತುಂಬಿ ಗಟ್ಟಿಮಾಡಿ ಆಟದ ಬಯಲು ಮಾಡಬಹುದು, ಕಟ್ಟಡ ಪಡುವಲಿಗೆ ಬರಬೇಕು ಎಂದರು ಎಂಜಿನಿಯರ್. ಪಡುವಲೆಂದರೆ ತಿರುಗಾಡುವವರ ದಾರಿ, ಅವರ ಬೆಂಚು. ಎಲ್ಲರೂ ಪೋಸ್ಟಜ್ಜನ ಮುಖ ನೋಡಿದರು. ಅವರು ಬೇವಿನ ಗಿಡವನ್ನೊಮ್ಮೆ, ಆ ಕಪ್ಪು ಬಾಯಿಯನ್ನೊಮ್ಮೆ ನೋಡಿದರು.

"ಗಿಡ ಕಡಿಯಂಗಿಲ್ಲ" ಎಂದರು.

"ಇಲ್ಲರಿ. ಅದನ್ನ ಬಿಟ್ಟ ಕಟ್ಟತೀವಿ."

"ಮುಂಜಾನಿ ಎಂಟೂವರಿ ಮಟಾ ಬಯಲು ನಮಗ."

"ನಿಮಗ ಅಜ್ಜಾರ" ಎಂದರು ಅಕ್ಕೋರು. "ಸಂಜಿ ಐದರ ಮ್ಯಾಲೂ ನಿಮಗ. ನಡುವ ಮಾತ್ರ ಬಂದು ಕೆಮ್ಮಬ್ಯಾಡ್ರಿ, ಹುಡುಗ್ಯಾರು ಪಾಠ ಬಿಟ್ಟು ನಗತಾವು."

"ಆತು. ಹೊಸಾ ದಾರಿ ಸುತ್ತ ಹಾಕಿ ಮಾಡ್ರಿ. ನಾವು ಹೆಂಗಿದ್ರೂ ಸುತ್ತ ತಿರುಗೋರ."

ಒಂದು ವಾರ ಮೋಡ ಇತ್ತು, ಮಳೆ ಇರಲಿಲ್ಲ. ನಾಲ್ಕೂ ಹಗೇವು ತೆರೆದು ಗಾಳಿಗೆ ಬಿಟ್ಟರು. ಆಮೇಲೆ ತುಂಬಲು ಶುರುವಾಯಿತು. ಯಂತ್ರ ಬಂದಿತ್ತು, ಆದರೂ ಓಣಿಯ ಹೆಂಗಸರು ಒಂದೊಂದು ಬುಟ್ಟಿ ಗರಸು ಹೊತ್ತು ತಂದು ಹಾಕಿದರು. ಮೊದಲ ಬುಟ್ಟಿ ನನ್ನದು. ಅವರಿಗೆ ಕೈ ಬರಲಿಲ್ಲವಲ್ಲ, ನಾನು ಹಾಕಿದೆ. ಬುಟ್ಟಿ ಬೋರಲು ಮಾಡಿದ ಮೇಲೆ ಮಣ್ಣು ಕೆಳಗೆ ಮುಟ್ಟುವತನಕ ಒಂದು ಕ್ಷಣ ಏನೂ ಕೇಳಿಸಲಿಲ್ಲ. ಆ ಒಂದು ಕ್ಷಣದಲ್ಲಿ ಎಷ್ಟು ಸುಗ್ಗಿ ಇದ್ದವೋ. ಆಮೇಲೆ ಕೆಳಗಿನಿಂದ ಮೆತ್ತನೆಯ ಸಪ್ಪಳ ಬಂತು.

ತುಂಬಿ ಮುಗಿದ ದಿನ ಒಪ್ಪಂದದ ಕಾಗದಕ್ಕೆ ಸಹಿಯಾಯಿತು. ಜೊತೆಗೆ ಒಂದು ನಕ್ಷೆ. ಮುಂದೆ ಎಂದಾದರೂ ಇಲ್ಲಿ ಏನಾದರೂ ಕಟ್ಟಲು ಬಂದವರಿಗೆ ತಿಳಿಯಲೆಂದು ಎಂಜಿನಿಯರ್ ಅದರಲ್ಲಿ ನಾಲ್ಕು ಸಣ್ಣ ಸುತ್ತು ಬರೆದಿದ್ದರು. ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಕೂತ ಗುಮಾಸ್ತರು ಪೆನ್ನು ಹಿಡಿದು ನನ್ನನ್ನು ಕರೆದರು.

"ಅಮ್ಮಾರ, ಇವು ಯಾರ ಹಗೇವು ಅಂತ ಇಲ್ಲಿ ಬರೀಬೇಕ್ರಿ. ಹೆಸರು ಹೇಳ್ರಿ."

ನಮ್ಮ ಕಾಲದ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವವರಲ್ಲ, ಮಕ್ಕಳೇ. ರೇಷನ್ ಕಾರ್ಡಿಗೆ, ದವಾಖಾನೆಗೆ, ಎಲ್ಲಿ ಕೇಳಿದರೂ ಪಕ್ಕದವರು ಹೇಳುತ್ತಿದ್ದರು. ಅವರಿದ್ದಾಗಲೂ ಹೇಳಲಿಲ್ಲ, ಹೋದ ಮೇಲೂ ಹೇಳಿರಲಿಲ್ಲ. ಹಿಂದೆ ಹೆಂಗಸರು ಸೆರಗಿನಲ್ಲಿ ನಗುತ್ತಿದ್ದರು. ಮಾಬೂಬಿ ಮುಂದೆ ಬಂದು, "ನಾ ಹೇಳ್ಲೇನು ಅಕ್ಕಾ?" ಎಂದಳು.

"ಬ್ಯಾಡ. ನಾನ ಹೇಳತೀನಿ" ಎಂದು ಗುಮಾಸ್ತರ ಕಡೆ ತಿರುಗಿದೆ.

"ಅಂದಾನಪ್ಪ" ಎಂದೆ.

ಗಾಳಿ ಬೇವಿನ ಗಿಡವನ್ನೆಲ್ಲ ಅಲ್ಲಾಡಿಸುತ್ತಿತ್ತು. ಗುಮಾಸ್ತರು ಕಿವಿಗೆ ಕೈ ಹಚ್ಚಿ, "ಕೇಳಸ್ಲಿಲ್ಲರಿ ಅಮ್ಮಾ, ಇನ್ನೊಂದ್ ಸಲ" ಎಂದರು.

ಎರಡನೆಯ ಸಲ ಹೇಳುವಾಗ ನನಗೆ ನಾಚಿಕೆಯಾಗಲಿಲ್ಲ.